ದೋಣಿ ಎಲ್ಲಿ ಸವೆಯುತ್ತದೆ? ಹರಿಗೋಲಿನ ತೊಗಲಿನಿಂದ ಸ್ಟರ್ನ್‌ಡ್ರೈವಿನ ರಬ್ಬರಿನವರೆಗೆ

ಇವತ್ತಿನ ಎಪಿಸೋಡ್ ಒಂದು ಗೇರ್‌ಬಾಕ್ಸ್ ಬಗ್ಗೆ. ಕಾರಿನದ್ದಲ್ಲ, ಟ್ರ್ಯಾಕ್ಟರಿನದ್ದೂ ಅಲ್ಲ. ಮೋಟಾರ್ ಬೋಟಿನ ಹಿಂಭಾಗದಲ್ಲಿ ನೀರೊಳಗೆ ಇಳಿಬಿದ್ದಿರುವ ಒಂದು ಲೋಹದ ಕಾಲು. ಅದಕ್ಕೆ ಸ್ಟರ್ನ್‌ಡ್ರೈವ್ ಅಂತ ಹೆಸರು. ಅದು ಸವೆದು ಹೋದಾಗ ಬಿಚ್ಚಿ ರಿಪೇರಿ ಮಾಡಬೇಕಾ, ಪೂರ್ತಿ ಬದಲಿಸಬೇಕಾ? ಬೋಟು ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತೆ.

ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಗೆಳೆಯರು ಕೇಳಬಹುದು, ಮೆಕ್ಕೆಜೋಳ, ಹತ್ತಿ ಬೆಳೆಯೋ ನಮಗೆ ಬೋಟಿನ ಗೇರ್‌ಬಾಕ್ಸ್ ಯಾಕಪ್ಪಾ ಅಂತ. ಎರಡು ಕಾರಣ ಇದೆ. ಒಂದು, ನಿಮ್ಮ ತಾಲ್ಲೂಕಿನ ಪೂರ್ವದ ಅಂಚಿನಲ್ಲಿ ಹರಿಯೋದು ತುಂಗಭದ್ರೆ. ಕನ್ನಡ ನಾಡಿನ ಅತಿ ಪ್ರಸಿದ್ಧ ದೋಣಿಗಾರನ ಹೆಸರಿನ ಊರು ಇರೋದು ಅದೇ ದಂಡೆಯಲ್ಲಿ. ಎರಡನೇ ಕಾರಣ, ನಿಮ್ಮ ಹೊಲದಲ್ಲಿ ಓಡಾಡೋ ರೋಟಾವೇಟರಿಗೂ ಈ ಸ್ಟರ್ನ್‌ಡ್ರೈವಿಗೂ ಬಹಳ ಹತ್ತಿರದ ಸಂಬಂಧ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಹೊಳೆಗೆ ಹೋಗೋಣ.

ಚೌಡಯ್ಯದಾನಪುರ. ರಾಣೇಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿರುವ ಊರು. ಅಲ್ಲಿನ ಮುಕ್ತೇಶ್ವರ ದೇವಾಲಯದ ಕೆತ್ತನೆಯ ಫೋಟೋಗಳನ್ನ ನೀವು ಇನ್‌ಸ್ಟಾಗ್ರಾಮಿನಲ್ಲಿ ನೋಡಿರ್ತೀರಿ. ಊರಿಗೆ ಈ ಹೆಸರು ಬಂದದ್ದು ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನಿಂದ. ದಾನವಾಗಿ ಸಿಕ್ಕ ಊರು, ಅದಕ್ಕೇ ದಾನಪುರ ಅಂತ ಅಲ್ಲಿನ ಜನ ಹೇಳುತ್ತಾರೆ. ಬಸವಣ್ಣನ ಕಾಲದ ಈ ಶರಣನ ಕಸುಬು ಜನರನ್ನ ದೋಣಿಯಲ್ಲಿ ದಾಟಿಸೋದು. ಬೇರೆ ಬಹಳಷ್ಟು ವಚನಕಾರರು ಕೊನೆಯಲ್ಲಿ ತಮ್ಮ ಇಷ್ಟದೈವದ ಹೆಸರನ್ನ ಅಂಕಿತವಾಗಿ ಇಟ್ಟುಕೊಂಡರು. ಈತ ಇಟ್ಟುಕೊಂಡದ್ದು ತನ್ನದೇ ಹೆಸರು, ಅದೂ ಕಸುಬಿನ ಸಮೇತ: ಅಂಬಿಗರ ಚೌಡಯ್ಯ. ಪ್ರತಿ ಜನವರಿ 21ರಂದು ರಾಜ್ಯದಲ್ಲಿ ಈತನ ಜಯಂತಿ ನಡೆಯುತ್ತೆ. ವೇದಿಕೆ ಮೇಲೆ ವಚನದ ಬಗ್ಗೆ ಭಾಷಣ ಆಗುತ್ತೆ. ಆದರೆ ದೋಣಿಯ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಇವತ್ತು ನಾವು ಆ ಕಡೆಯಿಂದ ನೋಡೋಣ.

ತುಂಗಭದ್ರೆಯ ಮೇಲೆ ಹಳೆಯ ಕಾಲದಿಂದ ಓಡಾಡಿದ್ದು ಹರಿಗೋಲು. ದುಂಡಗೆ, ದೊಡ್ಡ ಬುಟ್ಟಿಯ ಹಾಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಇದನ್ನ ಕಣ್ಣಾರೆ ಕಂಡು ಬರೆದಿದ್ದಾನೆ. ಒಳಗೆ ಬಿದಿರು-ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಆನೆಗೊಂದಿ ಕಡೆಗೆ ದಾಟುತ್ತಿದ್ದರು, ಕುದುರೆ ಎತ್ತುಗಳೂ ಬೇಕಾದರೆ ಹಾಗೇ ದಾಟುತ್ತಿದ್ದವು ಅಂತ.

ಈ ಹರಿಗೋಲಿನಲ್ಲಿ ಎರಡು ಭಾಗ. ಬಿದಿರಿನ ಹಂದರ ಬಹಳ ಕಾಲ ಬಾಳುತ್ತೆ. ತೊಗಲು ಬೇಗ ಹಾಳಾಗುತ್ತೆ. ಒದ್ದೆಯಾಗೇ ಬಿಟ್ಟರೆ ಕೊಳೆಯುತ್ತೆ, ಬಿಸಿಲಿಗೆ ಹೆಚ್ಚು ಬಿಟ್ಟರೆ ಬಿರಿಯುತ್ತೆ, ತಳ ಕಲ್ಲಿಗೆ ಉಜ್ಜಿ ತೂತಾಗುತ್ತೆ. ಹಾಗಾಗಿ ಅಂಬಿಗನ ಕೆಲಸದಲ್ಲಿ ಹುಟ್ಟು ಹಾಕೋದು ಅರ್ಧ ಮಾತ್ರ. ಇನ್ನರ್ಧ ದಡಕ್ಕೆ ಬಂದ ಮೇಲೆ: ಮಗುಚಿ ಒಣಗಿಸಬೇಕು, ಹೊಲಿಗೆ ನೋಡಬೇಕು, ತೇಪೆ ಹಾಕಬೇಕು, ಕಾಲ ಬಂದಾಗ ಹೊದಿಕೆಯನ್ನೇ ಬದಲಿಸಬೇಕು. ಇವತ್ತು ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಟಾರು ಬಂದಿದೆ. ಲೆಕ್ಕ ಮಾತ್ರ ಅದೇ. ಹಂದರ ಉಳಿಸಿಕೊ, ಸವೆಯೋದನ್ನ ಬದಲಿಸು. ರಿಪೇರಿ ಅಥವಾ ಬದಲಿ ಅನ್ನೋ ಪ್ರಶ್ನೆ ಇಂಜಿನ್ ಜೊತೆ ಹುಟ್ಟಿದ್ದಲ್ಲ ಅಂತಾಯ್ತು.

ಇಲ್ಲಿನ ಹೊಳೆಯ ಬಗ್ಗೆ ಇನ್ನೊಂದು ವಿಷಯ. 1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆಗೋವರೆಗೆ ಈ ಭಾಗದಲ್ಲಿ ತುಂಗಭದ್ರೆ ಗಡಿ. ಆ ದಂಡೆ ಹರಿಹರ ಮೈಸೂರು ಸೀಮೆ, ಈ ದಂಡೆ ರಾಣೇಬೆನ್ನೂರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗೋ ಹೆದ್ದಾರಿಗೆ ಹರಿಹರದಲ್ಲಿ ಕಲ್ಲು-ಇಟ್ಟಿಗೆಯ ಕಮಾನು ಸೇತುವೆ ಮುಗಿದದ್ದು 1868ರಲ್ಲಿ. ಅಲ್ಲಿಂದಾಚೆಗೆ ಮುಖ್ಯ ದಾರಿಯ ಜನ ಅಂಬಿಗನನ್ನ ಕರೆಯಬೇಕಾಗಿರಲಿಲ್ಲ. ದೋಣಿ ಉಳಿದದ್ದು ಸೇತುವೆ ಇಲ್ಲದ ಹಳ್ಳಿಗಳ ನಡುವೆ. ಹಾಗಾಗಿ ನಮ್ಮ ಒಳನಾಡಿನ ಹೊಳೆಗಳಲ್ಲಿ ದೋಣಿಗೆ ಇಂಜಿನ್ ಬರೋ ಮೊದಲೇ ಪಕ್ಕದಲ್ಲಿ ಸೇತುವೆ ಬಂದುಬಿಟ್ಟಿತು. ಇಂಜಿನ್ನಿನ ಕಥೆ ಬೆಳೆದದ್ದು ಬೇರೆ ಕಡೆ. ಅಲ್ಲಿಗೂ ಒಂದು ಸುತ್ತು ಹೋಗಿ ಬರೋಣ.

1836ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಹಡಗಿನ ಪ್ರೊಪೆಲ್ಲರಿಗೆ ಪೇಟೆಂಟ್ ತಗೊಂಡರು: ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಮತ್ತು ಸ್ವೀಡನ್ ಮೂಲದ ಜಾನ್ ಎರಿಕ್ಸನ್. ಪ್ರೊಪೆಲ್ಲರ್ ಒಳ್ಳೆ ಐಡಿಯಾನೇ. ಆದರೆ ಅದರ ಜೊತೆ ಒಂದು ತಲೆನೋವು ಬಂತು. ಇಂಜಿನ್ ಒಳಗೆ, ಪ್ರೊಪೆಲ್ಲರ್ ಹೊರಗೆ. ನಡುವೆ ಒಂದು ಷಾಫ್ಟ್ ಹೋಗಬೇಕು. ಅಂದ್ರೆ ನೀರಿನ ಮಟ್ಟಕ್ಕಿಂತ ಕೆಳಗೆ, ಹಡಗಿನ ಮೈಯಲ್ಲಿ, ಬೇಕಂತಲೇ ಒಂದು ತೂತು ಕೊರೆಯಬೇಕು. ಆ ತೂತಿನಲ್ಲಿ ಷಾಫ್ಟ್ ಸುತ್ತುತ್ತಾನೇ ಇರಬೇಕು, ನೀರು ಮಾತ್ರ ಒಳಗೆ ಬರಬಾರದು.

ಮೊದಮೊದಲು ಅಲ್ಲಿ ಹಿತ್ತಾಳೆಯ ಬೇರಿಂಗ್ ಹಾಕಿದರು. ದೊಡ್ಡ ಹಡಗುಗಳಲ್ಲಿ ಅದು ಗಾಬರಿಯಾಗುವಷ್ಟು ಬೇಗ ಸವೆಯುತ್ತಿತ್ತು. ಪರಿಹಾರ ಕೊಟ್ಟವನು ಜಾನ್ ಪೆನ್ ಅನ್ನೋ ಇಂಜಿನಿಯರ್, 1850ರ ದಶಕದಲ್ಲಿ. ಲೋಹದ ಬದಲು ಮರ ಹಾಕಿದ! ಲಿಗ್ನಮ್ ವೈಟೆ ಅನ್ನೋ ಕೆರಿಬಿಯನ್ ಕಡೆಯ ಮರ, ಕಬ್ಬಿಣದಂಥ ಗಟ್ಟಿ, ಒಳಗೇ ಎಣ್ಣೆಯ ಅಂಶ ಇರುತ್ತೆ. ನೀರೇ ಅದಕ್ಕೆ ಗ್ರೀಸ್. ಹೊಸದಾಗಿ ಬಂದ ಲೋಹ ಸೋತ ಜಾಗದಲ್ಲಿ ಹಳೇ ಮರ ಗೆದ್ದಿತು. ಯಾವುದನ್ನ ಯಾವುದರಿಂದ ಬದಲಿಸಬೇಕು ಅನ್ನೋದು ಸವೆತದ ಕಾರಣ ಗೊತ್ತಿದ್ದವನಿಗೆ ಮಾತ್ರ ಹೊಳೆಯುತ್ತೆ ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ.

ಮುಂದೆ ಅಮೆರಿಕಕ್ಕೆ. ನಾರ್ವೆಯಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ನೆಲೆಸಿದ ಓಲೆ ಎವಿನ್‌ರೂಡ್, ತೂತೇ ಬೇಡ ಅಂದ. ಇಂಜಿನ್, ಷಾಫ್ಟ್, ಪ್ರೊಪೆಲ್ಲರ್ ಎಲ್ಲ ಒಂದೇ ಕಂಬದ ಹಾಗೆ ಜೋಡಿಸಿ ದೋಣಿಯ ಹಿಂದೆ ನೇತುಹಾಕಿದ. 1909ರಲ್ಲಿ ಅವನ ಔಟ್‌ಬೋರ್ಡ್ ಮೋಟಾರ್ ಮಾರುಕಟ್ಟೆಗೆ ಬಂತು. ಅವನಿಗಿಂತ ಮುಂಚೆಯೂ ಇಂಥದ್ದನ್ನ ಮಾಡಿದವರಿದ್ದರು, ಆದರೆ ಸಾಮಾನ್ಯ ಜನರ ಕೈಗೆ ಅದನ್ನ ತಲುಪಿಸಿದ ಹೆಸರು ಇವನದ್ದು. ಹಾಳಾದರೆ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದಿತ್ತು. ನಮ್ಮ ಕರಾವಳಿಯ ನಾಡದೋಣಿಗಳ ಹಿಂದೆ ಇವತ್ತು ಕಾಣೋದು ಇದರದ್ದೇ ಮರಿಮಕ್ಕಳು.

ಈಗ ಎರಡು ದಾರಿ ಆಯ್ತು. ಒಂದು ಇನ್‌ಬೋರ್ಡ್: ಕಾರಿನಂಥ ದೊಡ್ಡ ಇಂಜಿನ್ ಒಳಗೆ, ಆದರೆ ಷಾಫ್ಟ್ ಅಲುಗಾಡಲ್ಲ, ಮೇಲೆತ್ತೋಕಾಗಲ್ಲ. ನೀರು ಕಡಿಮೆ ಇದ್ದರೆ ತಳಕ್ಕೆ ಬಡಿಯುತ್ತೆ. ಇನ್ನೊಂದು ಔಟ್‌ಬೋರ್ಡ್: ಮೇಲೆತ್ತಬಹುದು, ತಿರುಗಿಸಬಹುದು, ಆದರೆ ಆ ಕಾಲದಲ್ಲಿ ಶಕ್ತಿ ಕಡಿಮೆ, ಇಂಧನ ಜಾಸ್ತಿ ಕುಡಿಯುತ್ತಿತ್ತು. ಎರಡನ್ನೂ ಕೂಡಿಸಿದರೆ?

ಅದನ್ನ ಮಾಡಿ ತೋರಿಸಿದವನು ಜಿಮ್ ವಿನ್. ಅಮೆರಿಕದ ಮರ್ಕ್ಯುರಿ ಔಟ್‌ಬೋರ್ಡ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದು ಹೊರಬಂದವನು. 1958ರಲ್ಲಿ ಔಟ್‌ಬೋರ್ಡ್ ಮೋಟಾರಿನ ಸಣ್ಣ ಬೋಟಿನಲ್ಲಿ ಅಟ್ಲಾಂಟಿಕ್ ಸಾಗರವನ್ನೇ ದಾಟಿದ ಭೂಪ. ತನ್ನ ವಿನ್ಯಾಸವನ್ನ ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿಗೆ ಒಪ್ಪಿಸಿದ. 1959ರ ನ್ಯೂಯಾರ್ಕ್ ಬೋಟ್ ಶೋನಲ್ಲಿ ಅಕ್ವಾಮ್ಯಾಟಿಕ್ ಅನ್ನೋ ಹೆಸರಲ್ಲಿ ಸ್ಟರ್ನ್‌ಡ್ರೈವ್ ಜನರ ಮುಂದೆ ಬಂತು. ಎಂಬತ್ತು ಹಾರ್ಸ್‌ಪವರ್ ಇಂಜಿನ್ ಒಳಗೆ, ಎತ್ತಬಹುದಾದ, ತಿರುಗಿಸಬಹುದಾದ ಕಾಲು ಹೊರಗೆ. ಇಲ್ಲೊಂದು ಟ್ವಿಸ್ಟ್. ಮರ್ಕ್ಯುರಿಯಲ್ಲೇ ಇದ್ದ ಚಾರ್ಲ್ಸ್ ಸ್ಟ್ರ್ಯಾಂಗ್ ಅನ್ನೋ ಇನ್ನೊಬ್ಬ ಇಂಜಿನಿಯರಿಗೆ ಇದೇ ಆಲೋಚನೆ ಮೊದಲೇ ಬಂದಿತ್ತು, ಕಂಪನಿಯ ಒಡೆಯ ಕಾರ್ಲ್ ಕೀಕ್‌ಹೇಫರ್ ಆಸಕ್ತಿ ತೋರಿಸಿರಲಿಲ್ಲ. ವೋಲ್ವೊದ್ದು ಗೆದ್ದ ಮೇಲೆ ಮರ್ಕ್ಯುರಿ 1961ರಲ್ಲಿ ಮರ್‌ಕ್ರೂಸರ್ ಹೆಸರಲ್ಲಿ ತನ್ನದೇ ಡ್ರೈವ್ ತಂದಿತು. ಐಡಿಯಾ ಯಾರದ್ದು ಅನ್ನೋ ಪೇಟೆಂಟ್ ಜಗಳ ವರ್ಷಗಟ್ಟಲೆ ಎಳೆಯಿತು. 1982ರಲ್ಲಿ ವೋಲ್ವೊ ಒಂದೇ ಕಾಲಿನಲ್ಲಿ ಎದುರುಬದುರು ಸುತ್ತುವ ಎರಡು ಪ್ರೊಪೆಲ್ಲರಿನ ಡ್ಯುಯೊಪ್ರಾಪ್ ತಂದಿತು.

ಈಗ ರೋಟಾವೇಟರ್. ಟ್ರ್ಯಾಕ್ಟರಿನ ಹಿಂದೆ ಪಿಟಿಒ ಷಾಫ್ಟ್ ಇರುತ್ತಲ್ಲ, ಎರಡೂ ತುದಿಗೆ ಕ್ರಾಸ್ ಇರೋದು? ನೀವು ರೋಟಾವೇಟರ್ ಮೇಲೆತ್ತಿದರೂ ಇಳಿಸಿದರೂ ಆ ಷಾಫ್ಟ್ ಬಾಗಿಕೊಂಡೇ ಸುತ್ತುತ್ತೆ. ಆ ಕಡೆ ಗೇರ್‌ಬಾಕ್ಸಿನಲ್ಲಿ ಕ್ರೌನ್-ಪಿನಿಯನ್ ಥರದ ಹಲ್ಲುಗಳು ಸುತ್ತುವ ದಿಕ್ಕನ್ನ ತಿರುಗಿಸುತ್ತವೆ. ಸ್ಟರ್ನ್‌ಡ್ರೈವ್ ಒಳಗೆ ಇರೋದೂ ಇದೇ. ಇಂಜಿನ್ನಿನಿಂದ ಷಾಫ್ಟ್ ಹೊರಟು, ಕ್ರಾಸ್ ಜಾಯಿಂಟುಗಳ ಮೂಲಕ ಬೋಟಿನ ಹಿಂಗೋಡೆ ದಾಟುತ್ತೆ. ಮೇಲಿನ ಗೇರ್ ಜೋಡಿ ಅದನ್ನ ಕೆಳಕ್ಕೆ ತಿರುಗಿಸುತ್ತೆ, ಕೆಳಗಿನ ಗೇರ್ ಜೋಡಿ ಮತ್ತೆ ಹಿಂದಕ್ಕೆ ತಿರುಗಿಸಿ ಪ್ರೊಪೆಲ್ಲರಿಗೆ ಕೊಡುತ್ತೆ. ಕ್ರಾಸ್ ಯಾಕೆ ಎರಡು? ಒಂದೇ ಕ್ರಾಸ್ ಬಾಗಿ ಸುತ್ತಿದರೆ ಪ್ರತಿ ಸುತ್ತಿನಲ್ಲೂ ವೇಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುತ್ತೆ. ಎರಡನೆಯದು ಆ ಏರುಪೇರನ್ನ ಸರಿದೂಗಿಸುತ್ತೆ. ಈ ಜಾಯಿಂಟಿಗೆ ಹದಿನೇಳನೇ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್ ಹೆಸರೂ ಇದೆ.

ವ್ಯತ್ಯಾಸ ಒಂದೇ. ರೋಟಾವೇಟರಿನ ಕ್ರಾಸಿಗೆ ಮಣ್ಣು ಬಿದ್ದರೆ ಗ್ರೀಸ್ ಹೊಡೆದರಾಯ್ತು. ಬೋಟಿನ ಕ್ರಾಸ್ ಇರೋದು ನೀರಿನ ಮಟ್ಟಕ್ಕಿಂತ ಕೆಳಗೆ. ಹಾಗಾಗಿ ಅದರ ಸುತ್ತ ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತೆ, ಬೆಲ್ಲೋಸ್ ಅಂತ. ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಾ? ಹಾರ್ಮೋನಿಯಂ ಹಿಂಬದಿಯ ಮಡಿಕೆ? ಅದೇ ಆಕಾರ. ಡ್ರೈವ್ ಎಡಕ್ಕೆ ಬಲಕ್ಕೆ ತಿರುಗಿದಾಗ, ಮೇಲೆದ್ದಾಗ, ಈ ತಿದಿ ಹಿಗ್ಗಿ ಕುಗ್ಗಿ ನೀರನ್ನ ತಡೆಯುತ್ತೆ. ಹೊಳೆ ಮತ್ತು ಬೋಟಿನ ಹೊಟ್ಟೆಯ ನಡುವೆ ಇರೋದು ಈ ರಬ್ಬರ್ ಒಂದೇ. ಹರಿಗೋಲಿನ ತೊಗಲು ಇಲ್ಲಿ ಹೊಸ ವೇಷದಲ್ಲಿ ಬಂದಿದೆ ಅನ್ನಬಹುದು.

ಮುಖ್ಯ ಸಂಗತಿ ಇರೋದು ಇಲ್ಲೇ. ಸವೆತ ಶುರುವಾಗೋದು ಬಹುತೇಕ ಸಲ ಅಗ್ಗದ ರಬ್ಬರಿನಿಂದ, ಮುಗಿಯೋದು ದುಬಾರಿ ಗೇರಿನಲ್ಲಿ. ತಿದಿ ಬಿರುಕು ಬಿಡುತ್ತೆ. ನೀರು ಕ್ರಾಸ್ ಬೇರಿಂಗಿಗೆ ಸೇರುತ್ತೆ, ಅಲ್ಲಿಂದ ಗಿಂಬಲ್ ಬೇರಿಂಗಿಗೆ. ಬೋಟು ತಿರುಗಿಸುವಾಗ ಹಿಂದಿನಿಂದ ಗುರ್ರ್ ಅಂತ ಸದ್ದು ಬರೋಕೆ ಶುರುವಾಗುತ್ತೆ. ಅದನ್ನೂ ಬಿಟ್ಟರೆ ನೀರು ಬೋಟಿನೊಳಕ್ಕೇ ಬರುತ್ತೆ. ಒಳಗಿನ ಪಂಪು ಅದನ್ನ ಹೊರಹಾಕ್ತಾ ಇರುತ್ತೆ, ಬ್ಯಾಟರಿ ಮುಗಿದ ರಾತ್ರಿ ದಡದಲ್ಲಿ ಕಟ್ಟಿಟ್ಟ ಬೋಟು ಹಾಗೇ ಮುಳುಗುತ್ತೆ. ಇನ್ನೊಂದು ಕಡೆ, ಪ್ರೊಪೆಲ್ಲರ್ ಷಾಫ್ಟಿಗೆ ಮೀನಿನ ಬಲೆಯ ದಾರ ಸುತ್ತಿಕೊಂಡು ಆಯಿಲ್ ಸೀಲ್ ಕತ್ತರಿಸುತ್ತೆ. ರೋಟಾವೇಟರಿಗೆ ತಂತಿ, ಹಗ್ಗ ಸುತ್ತಿಕೊಂಡಾಗ ಆಗುತ್ತಲ್ಲ, ಥೇಟ್ ಹಾಗೆ. ಗೇರ್ ಆಯಿಲಿಗೆ ನೀರು ಬೆರೆತರೆ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತೆ. ಆ ಬಣ್ಣ ಕಂಡ ದಿನವೇ ಬೋಟು ನಿಲ್ಲಿಸಿ ಸೀಲ್ ಬದಲಿಸಿದವನು ಸಣ್ಣ ಖರ್ಚಿನಲ್ಲಿ ಪಾರಾಗುತ್ತಾನೆ. ಸೀಸನ್ ಮುಗೀಲಿ ನೋಡೋಣ ಅಂದವನಿಗೆ ಬೇರಿಂಗ್ ತುಕ್ಕು ಹಿಡಿದು, ಗೇರ್ ಹಲ್ಲು ಮುರಿದು, ಪೂರ್ತಿ ಡ್ರೈವಿನ ಬಿಲ್ ಬರುತ್ತೆ.

ಮೂರನೇ ಶತ್ರು ನೀರೇ. ಡ್ರೈವಿನ ಮೈ ಅಲ್ಯೂಮಿನಿಯಂ, ಪ್ರೊಪೆಲ್ಲರ್ ಎಷ್ಟೋ ಸಲ ಸ್ಟೀಲ್. ಎರಡು ಬೇರೆ ಲೋಹ, ನಡುವೆ ಉಪ್ಪುನೀರು: ಒಂದು ಬ್ಯಾಟರಿ ತಯಾರಾಯ್ತು, ಅಲ್ಯೂಮಿನಿಯಂ ಕರಗೋಕೆ ಶುರು. ಇದಕ್ಕೆ ದಾರಿ ಹುಡುಕಿದವನು ಹಂಫ್ರಿ ಡೇವಿ, 1824ರಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳದ ತಾಮ್ರದ ಹಾಳೆ ಸವೆಯುತ್ತಿತ್ತು. ಅದಕ್ಕೆ ಸತು ಅಥವಾ ಕಬ್ಬಿಣದ ತುಂಡು ತಾಗಿಸಿದರೆ, ತಾಮ್ರದ ಬದಲು ಆ ತುಂಡು ಸವೆಯುತ್ತೆ ಅಂತ ತೋರಿಸಿದ. ತಮಾಷೆ ಏನಂದ್ರೆ, ತಾಮ್ರ ಉಳಿಯಿತು, ಆದರೆ ಕರಗದ ತಾಮ್ರಕ್ಕೆ ಕಡಲಜೀವಿಗಳು ಹೆದರಲಿಲ್ಲ, ಬಂದು ಅಂಟಿಕೊಂಡು ಹಡಗಿನ ವೇಗ ತಗ್ಗಿಸಿದವು! ಇವತ್ತಿಗೂ ಪ್ರತಿ ಸ್ಟರ್ನ್‌ಡ್ರೈವಿನ ಮೇಲೆ ಹೀಗೆ ಬಲಿಗೆ ಬಿಟ್ಟ ಆನೋಡ್ ತುಂಡುಗಳಿರುತ್ತವೆ. ಸಮುದ್ರಕ್ಕೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅಂದ್ರೆ ಮಲ್ಪೆಯ ಬೋಟಿಗೆ ಹಾಕಿದ್ದು ಲಿಂಗನಮಕ್ಕಿ ಹಿನ್ನೀರಿನ ಬೋಟಿಗೆ ಸರಿಹೊಂದಲ್ಲ.

ಸರಿ, ಈಗ ಮೂಲ ಪ್ರಶ್ನೆ. ರಿಪೇರಿನಾ, ಬದಲಿನಾ? ಅನುಭವಸ್ಥ ಮೆಕ್ಯಾನಿಕ್ ಮೊದಲು ಬೆಲೆ ಕೇಳಲ್ಲ, ಆಯಿಲ್ ಇಳಿಸಿ ನೋಡ್ತಾನೆ. ಬರೀ ನೀರು ಬಂದಿದ್ದರೆ ಒಳಗೆ ಗಾಳಿಯ ಒತ್ತಡ ಕೊಟ್ಟು ಎಲ್ಲಿ ಸೋರುತ್ತೆ ಅಂತ ಹುಡುಕ್ತಾನೆ. ಬೇರಿಂಗ್, ಸೀಲ್ ಮಾತ್ರ ಹೋಗಿದ್ದರೆ ಬಿಚ್ಚಿ ಕಟ್ಟೋದೇ ಲಾಭ. ಹಲ್ಲಿನ ಚೂರು ಸಿಕ್ಕರೆ ಗೇರನ್ನ ಜೋಡಿಯಾಗಿಯೇ ಬದಲಿಸಬೇಕು. ಲಾರಿಯ ಕ್ರೌನ್-ಪಿನಿಯನ್ನಿನಲ್ಲಿ ಒಂದನ್ನ ಮಾತ್ರ ಬದಲಿಸಿದರೆ ಏನಾಗುತ್ತೆ ಅಂತ ನಿಮ್ಮೂರ ಗ್ಯಾರೇಜಿನಲ್ಲಿ ಕೇಳಿ, ಹೇಳ್ತಾರೆ. ಆಮೇಲೆ ಶಿಮ್ ಹಾಕಿ ಹಲ್ಲುಗಳ ನಡುವಿನ ಸಂದನ್ನ ಕೂದಲೆಳೆಯ ಲೆಕ್ಕದಲ್ಲಿ ಕೂರಿಸಬೇಕು, ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ಎಲ್ಲಿ ಒತ್ತುತ್ತೆ ಅಂತ ನೋಡಬೇಕು. ಆದರೆ ಹೊರಮೈಯ ಅಲ್ಯೂಮಿನಿಯಂ ಉಪ್ಪಿಗೆ ತಿಂದುಹೋಗಿ ಬೇರಿಂಗ್ ಕೂರೋ ಜಾಗವೇ ಸಡಿಲಾಗಿದ್ದರೆ, ಕಟ್ಟಿ ಪ್ರಯೋಜನ ಇಲ್ಲ. ಅಲ್ಲಿ ಹಂದರವೇ ಹೋಗಿದೆ. ಬದಲಿಸಲೇಬೇಕು. ಬದಲಿಸುವಾಗಲೂ ಹಳೆಯದರ ಗೇರ್ ಅನುಪಾತಕ್ಕೆ ಹೊಂದುವುದನ್ನೇ ತರಬೇಕು, ಇಲ್ಲಾಂದ್ರೆ ಇಂಜಿನ್ ಒಂದೋ ಏದುಸಿರು ಬಿಡುತ್ತೆ, ಇಲ್ಲಾ ಅತಿಯಾಗಿ ಓಡುತ್ತೆ.

ಇನ್ನೊಂದು ಎಚ್ಚರಿಕೆ. ಇಂಜಿನ್ನಿನ ಕೆಳಗಿನ ರಬ್ಬರ್ ಮೌಂಟ್ ಕುಸಿದು, ಇಂಜಿನ್ನಿಗೂ ಡ್ರೈವಿಗೂ ನೇರ ತಪ್ಪಿದ್ದರೆ, ಹೊಚ್ಚಹೊಸ ಡ್ರೈವ್ ತಂದರೂ ಅದು ಕೆಲವೇ ದಿನದಲ್ಲಿ ಸವೆಯುತ್ತೆ. ಅದಕ್ಕೇ ಡ್ರೈವ್ ಕೂರಿಸುವ ಮುನ್ನ ಒಂದು ಉದ್ದನೆಯ ಸರಳನ್ನ ಗಿಂಬಲ್ ಬೇರಿಂಗ್ ಮೂಲಕ ತೂರಿಸಿ, ಅದು ಇಂಜಿನ್ನಿನ ಕಪ್ಲರಿಗೆ ತಡೆಯಿಲ್ಲದೆ ಹೋಗುತ್ತಾ ಅಂತ ಪರೀಕ್ಷೆ ಮಾಡ್ತಾರೆ. ಕಾಯಿಲೆ ಗೊತ್ತಿಲ್ಲದೆ ಅಂಗ ಬದಲಿಸೋದು ದುಬಾರಿ ಮೂರ್ಖತನ.

ನಮ್ಮ ರಾಜ್ಯದಲ್ಲಿ ಈ ವಿದ್ಯೆ ಉಳಿದಿರೋದು ಎಲ್ಲಿ? ಮುಖ್ಯವಾಗಿ ಕರಾವಳಿಯಲ್ಲಿ. ಸ್ವಾತಂತ್ರ್ಯದ ನಂತರ ಮೀನುಗಾರಿಕೆಗೆ ಯಂತ್ರ ಬಂತು, ಕೇರಳದಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ ಮುಂದೆ ಕಾರವಾರಕ್ಕೂ ಬಂತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು, ಊರೆಲ್ಲ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆಗೆ ಸರಿಯಿತು. ಮಲ್ಪೆಯ ದೊಡ್ಡ ಟ್ರಾಲರುಗಳಲ್ಲಿ ಇರೋದು ನೇರ ಷಾಫ್ಟಿನ ಇನ್‌ಬೋರ್ಡ್, ಸ್ಟರ್ನ್‌ಡ್ರೈವ್ ಅಲ್ಲ. ದಿನವೂ ದುಡಿಯೋ ಬೋಟಿಗೆ ಕಡಿಮೆ ಕೀಲು ಇದ್ದಷ್ಟೂ ಒಳ್ಳೇದು ಅನ್ನೋದು ಅಲ್ಲಿನ ಲೆಕ್ಕಾಚಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬಂದರಿನಲ್ಲಿ ರಿಪೇರಿಯ ಕಾಲ. ಅಂಬಿಗ ಹರಿಗೋಲು ಮಗುಚಿ ಒಣಗಿಸುತ್ತಿದ್ದದ್ದರ ದೊಡ್ಡ ರೂಪ ಅದು.

ಒಳನಾಡಿನಲ್ಲಿ ಸೇತುವೆ ಗೆಲ್ಲುತ್ತಾ ಬಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ, ಶರಾವತಿ ಹಿನ್ನೀರಿನ ಆಚೆ ಉಳಿದ ತುಮರಿ, ಸಿಗಂದೂರು ಕಡೆಯ ಜನಕ್ಕೆ ಲಾಂಚ್ ಅನಿವಾರ್ಯ ಆಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಅದೂ ಕಷ್ಟ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು. ಹರಿಹರದಲ್ಲಿ 1868ರಲ್ಲಿ ಆದದ್ದು ಇಲ್ಲಿ ನೂರೈವತ್ತಕ್ಕೂ ಹೆಚ್ಚು ವರ್ಷ ತಡವಾಗಿ ಆಯಿತು. ಆಸ್ಪತ್ರೆಗೆ, ಕಾಲೇಜಿಗೆ ಹೋಗೋರಿಗೆ ಅದು ದೊಡ್ಡ ನೆಮ್ಮದಿ. ಅದರಲ್ಲಿ ಎರಡು ಮಾತಿಲ್ಲ.

ಆದರೆ ದೋಣಿ ಕಡಿಮೆ ಆದ ಕಡೆ, ದೋಣಿ ನೋಡಿಕೊಳ್ಳೋ ಕಣ್ಣೂ ಕಡಿಮೆ ಆಗುತ್ತೆ. ಉಳಿದಿರೋದು ಪ್ರವಾಸಿಗರ ಬೋಟು. ಹಿನ್ನೀರಿನ ರೆಸಾರ್ಟಿನಲ್ಲೋ, ಕಡಲ ತೀರದಲ್ಲೋ ನಾವು ನೀವು ಸೆಲ್ಫಿ ತಗೊಂಡು ಕೂರ್ತೀವಿ. ಹಳೇ ಅಂಬಿಗ ತಾನೇ ಓಡಿಸಿ, ತಾನೇ ಹೊಲಿಗೆ ನೋಡುತ್ತಿದ್ದ. ತೂತು ಇದ್ದರೆ ಅವನ ಕಾಲೇ ಮೊದಲು ಒದ್ದೆ ಆಗುತ್ತಿತ್ತು. ಈಗ ಬೋಟು ಒಬ್ಬರದ್ದು, ಓಡಿಸೋನು ಇನ್ನೊಬ್ಬ, ರಿಪೇರಿ ಮಾಡೋನು ಎಲ್ಲೋ ದೂರದ ಊರಿನವನು. ಡ್ರೈವರ್ ಹುಡುಗನಿಗೆ ಗುರ್ರ್ ಸದ್ದು ಕೇಳಿಸಿದರೂ, ನಿಲ್ಲಿಸುವ ಅಧಿಕಾರ ಅವನಿಗೆ ಇರಬೇಕಲ್ಲ? ಆ ತಿದಿಯ ಬಿರುಕನ್ನ ಯಾರು, ಯಾವಾಗ ನೋಡ್ತಾರೆ ಅನ್ನೋದರ ಮೇಲೆ ಬೋಟಿನಲ್ಲಿ ಕೂತವರ ಜೀವ ನಿಂತಿದೆ.

ಹಾಗಾಗಿ ಮುಂದಿನ ಸಲ ಬೋಟ್ ಹತ್ತುವಾಗ ಲೈಫ್ ಜಾಕೆಟ್ ಹಾಕಿಕೊಳ್ಳಿ, ಬಕಲ್ ಬಿಗಿ ಮಾಡಿ. ಬೋಟಿನವರನ್ನ ಒಂದು ಪ್ರಶ್ನೆ ಕೇಳಿ: ಅಣ್ಣಾ, ಇದರ ಡ್ರೈವ್ ಬಿಚ್ಚಿ ನೋಡಿದ್ದು ಯಾವಾಗ? ಒಳ್ಳೆ ದೋಣಿಗಾರನಿಗೆ ಆ ಪ್ರಶ್ನೆ ಖುಷಿ ಕೊಡುತ್ತೆ, ತಿಂಗಳು ವರ್ಷದ ಸಮೇತ ಉತ್ತರ ಕೊಡ್ತಾನೆ. ಉತ್ತರ ತಡವರಿಸಿದರೆ ದಡದಲ್ಲೇ ಫೋಟೋ ತೆಗೆಸಿಕೊಂಡು ಬನ್ನಿ. ಹಲಗೇರಿ, ಬ್ಯಾಡಗಿ, ಹಾವೇರಿ ಕಡೆಯ ಕೇಳುಗರು ಒಂದು ಭಾನುವಾರ ಬೈಕ್ ತಗೊಂಡು ಚೌಡಯ್ಯದಾನಪುರಕ್ಕೆ ಹೋಗಿ ಬನ್ನಿ. ಗುಡಿ ನೋಡಿದ ಮೇಲೆ ಹೊಳೆ ಕಡೆಗೂ ನಾಲ್ಕು ಹೆಜ್ಜೆ ಇಳಿಯಿರಿ. ಇನ್ನು ನಿಮ್ಮ ಮನೆಯ ರೋಟಾವೇಟರಿನ ಗೇರ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಬಿತ್ತನೆ ಮುಗಿಯೋವರೆಗೆ ಕಾಯಬೇಡಿ. ಸೀಲ್ ಇವತ್ತೇ ಬದಲಿಸಿ.